ಚಾವಿ ಕೂಡಿಸುವ ಸ್ಕ್ಯಾನರ್ ಕೊಳ್ಳುವ ಮೊದಲು

(ಹೊಳೆಮಣ್ಣೂರದಲ್ಲಿ ಗ್ಯಾರೇಜ್ ಕೆಲಸ ಕಲಿಯುತ್ತಿರುವ ಯುವಕರು ಹಾಗೂ ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹರೂಪ)



ಇವತ್ತು ನಾವು ಮಾತಾಡಬೇಕೆಂದಿರುವುದು ಒಂದು ಸಣ್ಣ ವಸ್ತುವಿನ ಬಗ್ಗೆ. ಅದು ಕಾರಿನ ಚಾವಿ. ಕಿಸೆಯಲ್ಲಿದ್ದಾಗ ಅದರ ನೆನಪೇ ಇರುವುದಿಲ್ಲ. ಕಳೆದಾಗ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ. ಬಾದಾಮಿ, ಪಟ್ಟದಕಲ್ಲಿಗೆ ಬಾಡಿಗೆ ಹೊಡೆಯುವ ಒಬ್ಬ ಚಾಲಕ ಹೊಳೆಯಲ್ಲಿ ಮುಖ ತೊಳೆಯಲು ಬಗ್ಗುತ್ತಾನೆ, ಚಾವಿ ನೀರಿಗೆ ಬೀಳುತ್ತದೆ. ಮನೆಯಲ್ಲಿ ಎರಡನೇ ಚಾವಿ ಇಲ್ಲ. ಗಾಡಿಯನ್ನು ಮತ್ತೊಂದು ಗಾಡಿಗೆ ಕಟ್ಟಿ ಗದಗಕ್ಕೋ ಹುಬ್ಬಳ್ಳಿಗೋ ಎಳೆಯಬೇಕು. ಎಳೆದ ಖರ್ಚು ಬೇರೆ, ಚಾವಿಯ ಖರ್ಚು ಬೇರೆ, ದುಡಿಮೆ ನಿಂತದ್ದು ಬೇರೆ.

ಇದನ್ನು ಕಂಡ ನಮ್ಮ ಹುಡುಗರು, “ಈ ಕೆಲಸ ನಾವೇ ಯಾಕೆ ಮಾಡಬಾರದು?” ಎಂದು ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ಆದರೆ ಮೊನ್ನೆ ಒಬ್ಬ ತಾಯಿ ನಮ್ಮ ಹತ್ತಿರ ಬಂದು ಬೇರೆ ಪ್ರಶ್ನೆ ಕೇಳಿದರು: “ಮಗ ನನ್ನ ಬಂಗಾರ ಒತ್ತಿ ಇಟ್ಟು ಆ ಮಷೀನ್ ತರ್ತೀನಿ ಅಂತಾನ್ರಿ. ತರಬೇಕೋ ಬ್ಯಾಡೋ?” ನಮ್ಮ ಇವತ್ತಿನ ಮಾತೆಲ್ಲ ಆ ತಾಯಿಗೆ ಕೊಡಬೇಕಾದ ಉತ್ತರವೇ.

ಚಾವಿಯೊಳಗೆ ಏನಿದೆ?

ಹಿಂದಿನ ಚಾವಿ ಬರೀ ಲೋಹದ ತುಂಡು. ಹಲ್ಲು ಕೊರೆದರೆ ಕೆಲಸ ಮುಗಿಯಿತು. ಈಗಲೂ ನಮ್ಮ ಭಾಗದ ಹೆಚ್ಚಿನ ಟ್ರ್ಯಾಕ್ಟರ್, ಟಂಟಂ, ಹಳೆ ಜೀಪುಗಳಿಗೆ ಅಷ್ಟೇ ಸಾಕು. ಆದರೆ ಇಂದಿನ ಕಾರಿನ ಚಾವಿಯ ಹಿಡಿಕೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಚಾವಿ ತಿರುವಿದಾಗ ಸ್ಟೇರಿಂಗ್ ಹತ್ತಿರದ ಕೀಲಿಯ ಸುತ್ತ ಇರುವ ತಂತಿಯ ಸುರುಳಿಯಿಂದಲೇ ಅದು ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಗುರುತು ಸರಿಯಿದ್ದರೆ ಎಂಜಿನ್ ಚಾಲೂ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಇದಕ್ಕೆ ಇಮ್ಮೊಬಿಲೈಜರ್ ಎನ್ನುತ್ತಾರೆ. ಮಾರುತಿಯವರು ತಮ್ಮ ಗಾಡಿಗಳಲ್ಲಿ ಇದಕ್ಕೆ ಐಕ್ಯಾಟ್ಸ್ ಎಂದು ಹೆಸರಿಟ್ಟರು. ಬಾಗಿಲು ತೆರೆಯುವ ಗುಂಡಿಯ ರಿಮೋಟ್ ಬೇರೆ, ಈ ಚಿಪ್ ಬೇರೆ. ರಿಮೋಟಿನ ಸೆಲ್ ಮುಗಿದರೂ ಇಂಥ ಚಾವಿಯಿಂದ ಗಾಡಿ ಚಾಲೂ ಆಗುವುದು ಇದೇ ಕಾರಣಕ್ಕೆ.

ಹೊಸ ಚಾವಿಯ ಗುರುತನ್ನು ಗಾಡಿಗೆ ಕಲಿಸುವುದೇ ಪ್ರೋಗ್ರಾಮಿಂಗ್. ಡ್ಯಾಶ್‌ಬೋರ್ಡ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಅದಕ್ಕೆ ಓಬಿಡಿ ಎನ್ನುತ್ತಾರೆ. ಅಮೆರಿಕದಲ್ಲಿ 1996ರಿಂದ ಓಬಿಡಿ-2 ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ ನಿಯಮಗಳ ಜೊತೆ 2010ರಲ್ಲಿ ಮೊದಲ ಹಂತ, 2013ರಲ್ಲಿ ಎರಡನೇ ಹಂತ ಬಂತು. ಆದರೆ ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ನಿಯಮ ಒಂದೇ ಥರ ಮಾಡಿದ್ದು ಹೊಗೆಗೆ ಸಂಬಂಧಪಟ್ಟ ದೋಷ ಓದುವುದನ್ನು ಮಾತ್ರ. ಚಾವಿ ಕಲಿಸುವ ರೀತಿ ಒಂದೊಂದು ಕಂಪನಿಗೆ ಒಂದೊಂದು ಥರ. ಸಾಕೆಟ್ ಒಂದೇ, ಒಳಗಿನ ಭಾಷೆ ಬೇರೆ ಬೇರೆ.

ನಾವು ಎಡವಿದ್ದು ಇಲ್ಲಿಯೇ

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನಿಗೆ ಸಂಘದಿಂದ ಸಾಲ ಕೊಡಿಸಿ ಒಂದು ಸ್ಕ್ಯಾನರ್ ತರಿಸಿದೆವು. ಡಬ್ಬಿಯ ಮೇಲೆ “ಎಲ್ಲಾ ಕಾರುಗಳಿಗೂ” ಎಂದು ಬರೆದಿತ್ತು. ನಾವು ನಂಬಿದೆವು. ಅದು ಎಂಜಿನ್ ದೋಷ ಓದುತ್ತಿತ್ತು, ದೀಪ ಆರಿಸುತ್ತಿತ್ತು, ಚಾವಿಯ ತಂಟೆಗೆ ಮಾತ್ರ ಹೋಗುತ್ತಿರಲಿಲ್ಲ. ಅದರಲ್ಲಿ ಆ ಕೆಲಸವೇ ಇರಲಿಲ್ಲ! ಕೆಲವು ನೂರು ರೂಪಾಯಿಗೆ ಸಿಗುವ ಇ.ಎಲ್.ಎಂ. 327 ಎಂಬ ಸಣ್ಣ ಡಬ್ಬಿಯೂ ಹೀಗೆಯೇ. ಅದು ಕೆಟ್ಟದ್ದಲ್ಲ, ಆದರೆ ಅದರ ಕೆಲಸ ಓದುವುದು, ಚಾವಿ ಕೂಡಿಸುವುದಲ್ಲ. ಹುಡುಗ ಕಂತು ಕಟ್ಟಿದ, ಯಂತ್ರ ಮೂಲೆ ಸೇರಿತು. ತಪ್ಪು ಅವನದಲ್ಲ, ಕೇಳಬೇಕಾದ ಪ್ರಶ್ನೆ ಕೇಳದ ನಮ್ಮದು. ಆ ಪ್ರಶ್ನೆಗಳು ಯಾವುವು?

ಮೊದಲನೆಯದು: ನನ್ನ ಊರ ಸುತ್ತ ಯಾವ ಗಾಡಿಗಳಿವೆ? ಯಂತ್ರ ನೋಡುವ ಮೊದಲು ಒಂದು ನೋಟ್‌ಬುಕ್ ಕೊಳ್ಳಿ. ಒಂದು ತಿಂಗಳು ರೋಣ, ಹೊಳೆಆಲೂರ, ಗಜೇಂದ್ರಗಡ, ನರಗುಂದದ ಸ್ಟ್ಯಾಂಡ್‌ಗಳಲ್ಲಿ ನಿಲ್ಲುವ ಗಾಡಿಗಳ ಹೆಸರು, ಮಾಡಿದ ವರ್ಷ, ಪೆಟ್ರೋಲೋ ಡೀಸೆಲ್ಲೋ ಬರೆದುಕೊಳ್ಳಿ. ಹೊರದೇಶದ ಯಂತ್ರಗಳಲ್ಲಿ ದೊಡ್ಡ ದೊಡ್ಡ ವಿದೇಶಿ ಕಾರುಗಳ ಪಟ್ಟಿ ಉದ್ದ ಇರುತ್ತದೆ. ಆದರೆ ನಮ್ಮಲ್ಲಿ ಬರುವುದು ಬೊಲೆರೊ, ಸ್ವಿಫ್ಟ್, ಎರ್ಟಿಗಾ, ಐ-10. ನಮ್ಮ ಪಟ್ಟಿ ಯಂತ್ರದ ಪಟ್ಟಿಯಲ್ಲಿ ಇರಬೇಕು. ಅದೂ ಭಾರತದಲ್ಲಿ ಮಾಡಿದ ಮಾದರಿ ಎಂದು ಇರಬೇಕು. ಹೆಸರು ಒಂದೇ ಇದ್ದರೂ ಹೊರದೇಶದ ಮಾದರಿಯೊಳಗಿನ ಪೆಟ್ಟಿಗೆ ಬೇರೆ ಇರಬಹುದು.

ಎರಡನೆಯದು: ಒಂದು ಚಾವಿ ಇದ್ದಾಗ ಇನ್ನೊಂದು ಸೇರಿಸುವುದೋ, ಎಲ್ಲಾ ಚಾವಿ ಕಳೆದಾಗ ಹೊಸದು ಮಾಡುವುದೋ? ಇವೆರಡೂ ಒಂದೇ ಅಲ್ಲ. ಮೊದಲನೆಯದು ಸುಲಭ, ಎರಡನೆಯದು ಕಷ್ಟ. ಹಲವು ಹ್ಯುಂಡೈ ಗಾಡಿಗಳಿಗೆ ಆರು ಅಂಕಿಯ ಪಿನ್ ಬೇಕು. ಮೇಲಿಂದ ಮೇಲೆ ತಪ್ಪು ಅಂಕಿ ಒತ್ತಿದರೆ ಗಾಡಿ ಸ್ವಲ್ಪ ಹೊತ್ತು ಏನನ್ನೂ ಒಪ್ಪಿಕೊಳ್ಳುವುದಿಲ್ಲ. ಕೆಲವು ಗಾಡಿಗಳಲ್ಲಿ ಪೆಟ್ಟಿಗೆ ಬಿಚ್ಚಿ ಒಳಗಿನ ನೆನಪಿನ ಚಿಪ್ಪನ್ನೇ ಓದಬೇಕಾಗುತ್ತದೆ. ಅದಕ್ಕೆ ಬೇರೆ ಸಲಕರಣೆ ಬೇಕು. ಉದಾಹರಣೆಗೆ ಆಟೆಲ್ ಕಂಪನಿಯ ಐಎಂ-508 ಯಂತ್ರಕ್ಕೆ ಎಕ್ಸ್‌ಪಿ-400 ಎಂಬ ಸಲಕರಣೆಯನ್ನು ಆಮೇಲೆ ಸೇರಿಸಬಹುದು. ಅದೇ ಕಂಪನಿಯ ಐಎಂ-608 ಜೊತೆಗೇ ಅದು ಬರುತ್ತದೆ, ಬೆಲೆಯೂ ಅಷ್ಟೇ ಮೇಲೆ. ಎಕ್ಸ್‌ಹಾರ್ಸ್, ಓಬಿಡಿಸ್ಟಾರ್, ಲಾನ್ಸ್‌ಡರ್, ಲಾಂಚ್ ಕಂಪನಿಗಳ ಯಂತ್ರಗಳೂ ಪೇಟೆಯಲ್ಲಿವೆ. ಇಂಥದ್ದೇ ಕೊಳ್ಳಿರಿ ಎಂದು ನಾವು ಹೇಳುವುದಿಲ್ಲ. ಮಾರುವವನಿಗೆ ನಿಮ್ಮ ಪಟ್ಟಿ ಕೊಟ್ಟು, ಪ್ರತಿ ಗಾಡಿಯ ಮುಂದೆ “ಸೇರಿಸಲು ಬರುತ್ತದೆಯೇ, ಎಲ್ಲಾ ಕಳೆದರೂ ಬರುತ್ತದೆಯೇ” ಎಂದು ಬರೆಸಿಕೊಳ್ಳಿ. ಬಾಯಿಮಾತು ಬೇಡ. ಸಾಧ್ಯವಾದರೆ ಪರಿಚಯದವರ ಗಾಡಿ ಒಯ್ದು ಕಣ್ಣೆದುರೇ ಮಾಡಿಸಿ ನೋಡಿ.

ಮೂರನೆಯದು: ಮುಂದಿನ ವರ್ಷ ಎಷ್ಟು ಖರ್ಚು? ಯಂತ್ರದ ಬೆಲೆ ಒಂದು ಸಲದ್ದು. ಆದರೆ ಹೊಸ ಗಾಡಿಗಳು ಬಂದಂತೆ ಒಳಗಿನ ತಂತ್ರಾಂಶವೂ ಹೊಸದಾಗಬೇಕು. ಅನೇಕ ಕಂಪನಿಗಳು ಮೊದಲ ವರ್ಷ ಉಚಿತ ಕೊಟ್ಟು ಆಮೇಲೆ ವರ್ಷಕ್ಕಿಷ್ಟು ಎಂದು ತೆಗೆದುಕೊಳ್ಳುತ್ತವೆ. ಕೆಲವು ಕೆಲಸಗಳಿಗೆ ಪ್ರತಿ ಸಲ ಪ್ರತ್ಯೇಕ ಹಣವೂ ಉಂಟು. ಹಣ ಕಟ್ಟದಿದ್ದರೆ ಹಳೆಯದಷ್ಟಾದರೂ ನಡೆಯುತ್ತದೆಯೋ, ಪೂರಾ ನಿಲ್ಲುತ್ತದೆಯೋ? ಕೇಳಿ. ಕೆಲಸದ ಹೊತ್ತಿಗೆ ಇಂಟರ್ನೆಟ್ ಬೇಕೇ ಬೇಕೋ? ನಮ್ಮೂರ ಹೊಲದ ದಾರಿಯಲ್ಲಿ ಸಿಗ್ನಲ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ನಾಲ್ಕನೆಯದು: ಅಸಲಿಯೋ ನಕಲಿಯೋ? ಅರ್ಧ ಬೆಲೆಗೆ ಸಿಗುವ ಯಂತ್ರ ಬಹಳ ಸಲ ಇನ್ನೊಬ್ಬರದ್ದನ್ನು ಕದ್ದು ಮಾಡಿದ್ದಾಗಿರುತ್ತದೆ. ಅದಕ್ಕೆ ಅಪ್‌ಡೇಟ್ ಇಲ್ಲ, ಕೆಟ್ಟರೆ ಕೇಳುವವರಿಲ್ಲ. ಬರವಣಿಗೆಯ ನಡುವೆ ನಿಂತರೆ ಗಿರಾಕಿಯ ಗಾಡಿಯ ಪೆಟ್ಟಿಗೆಯೇ ಹಾಳಾಗಬಹುದು. ಆಗ ಚಾವಿಗೆ ಬಂದ ಗಿರಾಕಿಗೆ ನೀವೇ ಪೆಟ್ಟಿಗೆ ಕೊಡಿಸಬೇಕಾದೀತು. ಬಿಲ್ಲು, ವಾರಂಟಿ, ನಮ್ಮ ದೇಶದಲ್ಲಿ ರಿಪೇರಿಯ ವ್ಯವಸ್ಥೆ ಇವು ಮೂರೂ ಇದ್ದರೆ ಮಾತ್ರ ಕೈ ಹಾಕಿ.

ಯಂತ್ರ ಒಂದೇ ಸಾಲದು ಎಂಬುದೂ ತಿಳಿದಿರಲಿ. ಹಲ್ಲು ಕೊರೆಯುವ ಮಷೀನ್ ಬೇಕು, ಖಾಲಿ ಚಾವಿಗಳು, ಆಯಾ ಗಾಡಿಗೆ ಹೊಂದುವ ಚಿಪ್ಪುಗಳು ಬೇಕು. ಗಾಡಿಯ ಬ್ಯಾಟರಿ ಇಳಿಯದಂತೆ ಹಿಡಿದಿಡುವ ಒಳ್ಳೆಯ ಚಾರ್ಜರ್ ಬೇಕು. ಕೆಲಸದ ನಡುವೆ ಬ್ಯಾಟರಿ ಇಳಿದರೆ ಅಸಲಿ ಯಂತ್ರವೂ ಕೈ ಕೊಡುತ್ತದೆ. ಸಾಲದ ಲೆಕ್ಕ ಹಾಕುವಾಗ ಇವೆಲ್ಲ ಸೇರಿಸಿಯೇ ಹಾಕಿ.

ನಮ್ಮ ಊರಿಗೆ ಸಂಬಂಧಿಸಿದ ಇನ್ನೊಂದು ಮಾತು. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ಬಂದದ್ದನ್ನು ನೀವು ಮರೆತಿಲ್ಲ. ನೀರು ಹೊಕ್ಕ ಗಾಡಿಯಲ್ಲಿ ಚಾವಿ ಗುರುತು ಹಿಡಿಯದಿದ್ದರೆ ದೋಷ ಚಾವಿಯದೇ ಎಂದು ಹೇಳಬೇಡಿ. ಸುರುಳಿಯೋ, ತಂತಿಯ ಜೋಡಣೆಯೋ, ಪೆಟ್ಟಿಗೆಯೋ ತುಕ್ಕು ಹಿಡಿದಿರಬಹುದು. ಮೊದಲು ಎರಡನೇ ಚಾವಿ ಹಾಕಿ ನೋಡಿ, ದೋಷ ಓದಿ, ಆಮೇಲೆ ದುಡ್ಡಿನ ಮಾತಾಡಿ. ಬೇಡದ ಚಾವಿ ಮಾರಿದವನ ಹತ್ತಿರ ಗಿರಾಕಿ ಎರಡನೇ ಸಲ ಬರುವುದಿಲ್ಲ.

ಯಂತ್ರಕ್ಕಿಂತ ದೊಡ್ಡದು ನಂಬಿಕೆ

ಚಾವಿ ಮಾಡಲು ಬಲ್ಲವನು ಯಾರ ಗಾಡಿಯನ್ನಾದರೂ ಚಾಲೂ ಮಾಡಬಲ್ಲ. ಆದ್ದರಿಂದ ರಾತ್ರಿ ಹೊತ್ತು ಬಂದು “ಜಲ್ದಿ ಮಾಡಿಕೊಡು, ಕೇಳಿದಷ್ಟು ಕೊಡ್ತೀನಿ” ಅನ್ನುವವರು ಬಂದೇ ಬರುತ್ತಾರೆ. ಆರ್.ಸಿ. ಪುಸ್ತಕ, ಮಾಲೀಕನ ಗುರುತಿನ ಚೀಟಿ ನೋಡದೆ ಕೈ ಹಚ್ಚಬೇಡಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಹೊಂದಿಸಿ ನೋಡಿ, ಗಾಡಿಯ ಚಾಸಿ ನಂಬರ್ ಸಹ ನೋಡಿ. ಎಲ್ಲಾ ಚಾವಿ ಕಳೆದಿದ್ದರೆ ಪೊಲೀಸ್ ಠಾಣೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿ. ಒಂದು ರಿಜಿಸ್ಟರ್ ಇಟ್ಟು ಸಹಿ ಮಾಡಿಸಿ. ಕದ್ದ ಮಾಲು ಎಂದು ಗೊತ್ತಿದ್ದೂ ಇಟ್ಟುಕೊಂಡರೆ ಅಥವಾ ಅಡಗಿಸಲು, ಸಾಗಿಸಲು ನೆರವಾದರೆ ಶಿಕ್ಷೆ ಉಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಅದನ್ನೇ ಹೇಳುತ್ತದೆ. ಗಿರಾಕಿಗೂ ಒಂದು ಮಾತು ತಿಳಿಸಿ: ಗಾಡಿ ಕಳುವಾದರೆ ವಿಮೆಯವರು ಸಾಮಾನ್ಯವಾಗಿ ಎರಡೂ ಚಾವಿ ಕೇಳುತ್ತಾರೆ. ಕಳೆದ ಚಾವಿಯ ಬಗ್ಗೆ ಕಾಗದ ಇಟ್ಟುಕೊಳ್ಳುವುದು ಅವರಿಗೂ ಒಳ್ಳೆಯದು. ಕಳೆದುಹೋದ ಚಾವಿಯ ಗುರುತನ್ನು ಗಾಡಿಯಿಂದ ಅಳಿಸಿಬಿಡುವುದನ್ನೂ ಮರೆಯಬೇಡಿ.

ಆ ತಾಯಿಗೆ ಉತ್ತರ

ಬಂಗಾರ ಒತ್ತಿ ಇಡುವ ಮೊದಲು ಬೇರೆ ದಾರಿಗಳಿವೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೀಗ-ಚಾವಿಯ ಕಸುಬೂ ಸೇರಿದೆ. ಈ ಕಸುಬಿನಲ್ಲಿ ದುಡಿಯುತ್ತಿರುವವರಿಗೆ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಆಮೇಲೆ ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದವರಿಗೆ ನಂತರ 2 ಲಕ್ಷದ ತನಕ ಸಾಲ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಈ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಯ ಪರಿಶೀಲನೆ ಇರುತ್ತದೆ, ಆದ್ದರಿಂದ ಮೊದಲು ಅಲ್ಲಿ ವಿಚಾರಿಸಿ.

ಮಗನಿಗೆ ಹೀಗೆ ಹೇಳಿರಿ, ಅವ್ವಾ: ಮೊದಲು ಆರು ತಿಂಗಳು ಪಟ್ಟಣದ ಒಬ್ಬ ಬಲ್ಲ ಕೆಲಸಗಾರನ ಕೈಕೆಳಗೆ ದುಡಿಯಲಿ. ಊರಿಗೆ ಬಂದು ಹಲ್ಲು ಕೊರೆಯುವ ಮಷೀನಿನಿಂದ ಶುರು ಮಾಡಲಿ. ಟ್ರ್ಯಾಕ್ಟರ್, ಬೈಕ್, ಮನೆಯ ಕೀಲಿಯಿಂದಲೇ ದಿನದ ಖರ್ಚು ಹೊರಡಲಿ. ಚಿಪ್ಪಿನ ಚಾವಿ ಕೇಳಿ ಬಂದವರ ಹೆಸರು ನೋಟ್‌ಬುಕ್ಕಿನಲ್ಲಿ ಬರೆಯಲಿ. ತಿಂಗಳಿಗೆ ಬರುವ ಅಂಥ ಕೆಲಸದ ಉಳಿತಾಯ ಸಾಲದ ಕಂತಿಗಿಂತ ಹೆಚ್ಚಾಗುತ್ತದೆ ಎಂದು ನೋಟ್‌ಬುಕ್ಕೇ ತೋರಿಸಿದ ದಿನ ಯಂತ್ರ ತರಲಿ. ಒಬ್ಬನಿಗೆ ಆಗದಿದ್ದರೆ ಮೂವರು ಸೇರಿ ಒಂದು ತರಲಿ, ಸರದಿಯ ಮೇಲೆ ಬಳಸಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಕಾಲು ಮಡಚಿಕೊಂಡೇ ಇರು ಅಂತಲ್ಲ. ಹಾಸಿಗೆ ಎಷ್ಟಿದೆ ಅಂತ ಮೊದಲು ಅಳತೆ ಮಾಡು ಅಂತ. ನಮ್ಮ ಹುಡುಗರು ಈ ಕೆಲಸ ಕಲಿಯಲಿ, ಹೊಳೆದಂಡೆಯಲ್ಲಿ ಗಾಡಿ ನಿಂತವನಿಗೆ ಹುಬ್ಬಳ್ಳಿಯ ದಾರಿ ತಪ್ಪಲಿ. ಆದರೆ ಆ ತಾಯಿಯ ಬಂಗಾರ ಆ ತಾಯಿಯ ಹತ್ತಿರವೇ ಇರಲಿ.