ನರಕ್ಕೂ ಸ್ನಾಯುವಿಗೂ ನಡುವಿನ ಸಂದಿ

ನರದಲ್ಲಿ ವಿದ್ಯುತ್ತು ಹರಿದು ಬಂದು ಸ್ನಾಯುವಿಗೆ ತಾಗುತ್ತದೆ, ಸ್ನಾಯು ಸೆಳೆದುಕೊಳ್ಳುತ್ತದೆ ಎಂದೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಆದರೆ ನರದ ತುದಿ ಸ್ನಾಯುವನ್ನು ಮುಟ್ಟುವುದೇ ಇಲ್ಲ. ನಡುವೆ ಮಿಲಿಮೀಟರಿನ ಸುಮಾರು 20,000ದಲ್ಲಿ ಒಂದು ಪಾಲಿನಷ್ಟು ಸಂದಿ ಇದೆ. ಅದನ್ನು ದಾಟುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಅದು ಸ್ನಾಯುವಿನ ಗ್ರಾಹಕಗಳಿಗೆ ಅಂಟಿದಾಗ ಸೋಡಿಯಂ ಒಳನುಗ್ಗಿ ಹೊಸ ವಿದ್ಯುತ್ ಅಲೆ ಏಳುತ್ತದೆ, ಒಳಗೆ ಕೂಡಿಟ್ಟ ಕ್ಯಾಲ್ಸಿಯಂ ಹೊರಬೀಳುತ್ತದೆ, ಆಕ್ಟಿನ್ ಮತ್ತು ಮಯೋಸಿನ್ ಎಳೆಗಳು ಜಾರಿ ಸ್ನಾಯು ಮೊಟಕಾಗುತ್ತದೆ. ಮರುಕ್ಷಣ ಒಂದು ಕಿಣ್ವ ಅಸಿಟೈಲ್‌ಕೋಲಿನ್ನನ್ನು ಒಡೆದುಹಾಕುತ್ತದೆ. ಕರೆಂಟು ಹೊಡೆದರೆ ಕೈ ಸೆಟೆಯುತ್ತದಲ್ಲ, ಅಲ್ಲಿ ರಾಸಾಯನಿಕ ಎಲ್ಲಿದೆ ಎಂದು ನೀವು ಕೇಳಬಹುದು. ಸ್ನಾಯು ನೇರ ವಿದ್ಯುತ್ತಿಗೂ ಓಗೊಡುತ್ತದೆ, ನಿಜ. ಆದರೆ 19ನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್, ಕಪ್ಪೆಗೆ ಕ್ಯುರಾರೆ ವಿಷ ಕೊಟ್ಟು ನರಕ್ಕೆ ವಿದ್ಯುತ್ತು ಹಾಯಿಸಿದರೆ ಕಾಲು ಅಲುಗದೆಂದೂ, ಸ್ನಾಯುವಿಗೇ ಹಾಯಿಸಿದರೆ ಅಲುಗುತ್ತದೆಂದೂ ತೋರಿಸಿದ. ಕೆಟ್ಟದ್ದು ಎರಡರ ನಡುವೆ.

ಈ ಸಂದಿಯಲ್ಲಿ ಲೆಕ್ಕಕ್ಕೆ ಬರುವುದು ಅಸಿಟೈಲ್‌ಕೋಲಿನ್ನಿನ ಪ್ರಮಾಣ ಎಂಬುದು ನನ್ನ ವಾದ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೆ ಸುತ್ತಲಿನ ಹಳ್ಳಿಗಳಿಂದ ಬರುವ ಎರಡು ಬಗೆಯ ರೋಗಿಗಳನ್ನು, ಕೀಟನಾಶಕದ ಎಣ್ಣೆ ಕುಡಿದವರನ್ನೂ ನಾಗರಹಾವು ಕಚ್ಚಿದವರನ್ನೂ, ಅಕ್ಕಪಕ್ಕ ಇಟ್ಟು ನೋಡಿ. ಹತ್ತಿಗೆ ಹೊಡೆಯುವ ಎಣ್ಣೆಗಳಲ್ಲಿ ಆರ್ಗನೋಫಾಸ್ಫೇಟ್ ಗುಂಪಿನವು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಅಸಿಟೈಲ್‌ಕೋಲಿನ್ ತುಂಬಿ ತುಳುಕುತ್ತದೆ. ನಾಗರಹಾವಿನ ವಿಷ ಗ್ರಾಹಕಗಳನ್ನು ಮುಚ್ಚುತ್ತದೆ. ಅಸಿಟೈಲ್‌ಕೋಲಿನ್ ಇದ್ದೂ ಇಲ್ಲದಂತೆ. ಒಂದರಲ್ಲಿ ಅತಿ, ಇನ್ನೊಂದರಲ್ಲಿ ಅಭಾವ, ಎರಡರಲ್ಲೂ ನಿಲ್ಲುವುದು ಉಸಿರು. ಹೆಚ್ಚಾದರೆ ಸ್ನಾಯುವಿಗೆ ಬಲ ಬರಬೇಕಲ್ಲವೇ? ಮೊದಲು ಮಾಂಸಖಂಡಗಳು ಪಟಪಟನೆ ಅದುರುತ್ತವೆ. ಆದರೆ ಅಲೆ ಇಳಿಯದೆ ಮುಂದಿನ ಅಲೆ ಏಳದು. ಬಿಡುವಿಲ್ಲದೆ ಕೆರಳಿದ ಸ್ನಾಯು ಕೊನೆಗೆ ಸೋಲುತ್ತದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಚಿಕಿತ್ಸೆಯಲ್ಲಿದೆ. ನಾಗರಹಾವು ಕಚ್ಚಿದವರಿಗೆ ಪ್ರತಿವಿಷದ ಜೊತೆ ವೈದ್ಯರು ನಿಯೋಸ್ಟಿಗ್ಮಿನ್ ಕೊಡುವುದುಂಟು. ಅದೂ ಅದೇ ಕಿಣ್ವವನ್ನು ತಡೆಯುವ ಮದ್ದು! ಎಣ್ಣೆ ಕುಡಿದವನನ್ನು ಕೊಲ್ಲುವ ಉಪಾಯವೇ ಇಲ್ಲಿ ಜೋತುಬಿದ್ದ ರೆಪ್ಪೆ ಎತ್ತಿಸುತ್ತದೆ. ಏಕೆಂದರೆ ಹೆಚ್ಚಿದ ಅಸಿಟೈಲ್‌ಕೋಲಿನ್ ಉಳಿದ ಗ್ರಾಹಕಗಳಿಗಾಗಿ ವಿಷದೊಡನೆ ಪೈಪೋಟಿಗೆ ಇಳಿಯಬಲ್ಲದು.

ಹಾಗಾದರೆ ಎಣ್ಣೆಯ ವಿಷಕ್ಕೆ ಕೊಡುವ, ಅಸಿಟೈಲ್‌ಕೋಲಿನ್ನಿನ ಗ್ರಾಹಕಗಳನ್ನು ಮುಚ್ಚುವ ಅಟ್ರೋಪಿನ್ ಎಲ್ಲವನ್ನೂ ಸರಿಪಡಿಸಬೇಕಿತ್ತು ಎನ್ನುವ ಆಕ್ಷೇಪವೂ ಇದೆ. ಅದು ಜೊಲ್ಲು, ಕಫ, ಹೃದಯದ ನಿಧಾನಗತಿಗಳನ್ನು ಹತೋಟಿಗೆ ತರುತ್ತದೆ. ಆದರೆ ಅದು ಮುಚ್ಚುವ ಗ್ರಾಹಕಗಳೇ ಬೇರೆ. ಕೈಕಾಲು, ಕುತ್ತಿಗೆ, ವಪೆಗಳ ಸ್ನಾಯುಗಳಲ್ಲಿ ಇರುವವಲ್ಲ. ಹೀಗಾಗಿ ಚೇತರಿಸಿಕೊಂಡಂತೆ ಕಂಡ ರೋಗಿಯೂ ಒಂದರಿಂದ ನಾಲ್ಕು ದಿನಗಳ ನಡುವೆ ದಿಂಬಿನಿಂದ ತಲೆ ಎತ್ತಲಾರದೆ, ಉಸಿರು ಸಾಲದೆ ಒದ್ದಾಡಬಹುದು. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ಪ್ರತ್ಯೇಕ ಸ್ಥಿತಿಯೆಂದು ದಾಖಲಿಸಿದರು. ಕಟ್ಟುಹಾವಿನ ಮಾತು ಮತ್ತೂ ಬೇರೆ. ಅದರ ವಿಷ ನರದ ತುದಿಯನ್ನೇ ಹಾಳುಗೆಡವುವುದರಿಂದ ಬಿಡುಗಡೆಯಾಗಲು ಅಸಿಟೈಲ್‌ಕೋಲಿನ್ನೇ ಇರದು. ಅಲ್ಲಿ ನಿಯೋಸ್ಟಿಗ್ಮಿನ್ ಸಾಮಾನ್ಯವಾಗಿ ನಡೆಯದು. ಪ್ರತಿವಿಷವೂ ಆಗಿಹೋದ ಹಾನಿಯನ್ನು ತಿದ್ದದು. ತುದಿ ಮತ್ತೆ ಚಿಗುರುವವರೆಗೆ, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ, ವೆಂಟಿಲೇಟರೇ ಉಸಿರಾಡಿಸಬೇಕು.