ಬೆಳಕಿನ ಕಸುಬಿನವರ ಸಮ್ಮೇಳನ

ಸಮ್ಮೇಳನ ಎಂದೊಡನೆ ಕನ್ನಡಿಗರಾದ ನಮ್ಮ ಕಣ್ಣಮುಂದೆ ನಿಲ್ಲುವುದು ಸಾಹಿತ್ಯ ಸಮ್ಮೇಳನ. 1915ರಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಅದು ಮೊದಲು ಸೇರಿದ ಮೇಲೆ ನಮ್ಮಲ್ಲಿ ಆ ಮಾತಿಗೆ ಆ ಅರ್ಥವೇ ಗಟ್ಟಿಯಾಗಿ ನಿಂತುಬಿಟ್ಟಿದೆ. ಆದರೆ ಅಕ್ಷರವನ್ನು ನಂಬಿದವರಿಗೆ ಹೇಗೋ ಹಾಗೆಯೇ ಬೆಳಕನ್ನು ನಂಬಿ ಬದುಕುವವರಿಗೂ ಸಮ್ಮೇಳನಗಳಿವೆ. ಹೊಸದಾಗಿ ಸ್ಟುಡಿಯೋ ತೆರೆದ ತರುಣನೊಬ್ಬ ದುಡಿಮೆಯ ಮೂರು ದಿನಗಳನ್ನು ಬಿಟ್ಟು, ಕೈಯಿಂದ ಹಣ ಹಾಕಿ, ಛಾಯಾಗ್ರಾಹಕರ ಸಮ್ಮೇಳನಕ್ಕೆ ಹೋದರೆ ಅವನಿಗೆ ದಕ್ಕುವುದೇನು? ಈ ಪ್ರಶ್ನೆಯನ್ನು ಕುರಿತು ಕೆಲವು ವಿಚಾರಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ಛಾಯಾಗ್ರಹಣ ಸ್ವಭಾವತಃ ಒಂಟಿ ಕಸುಬು. ಫಿಲ್ಮಿನ ಕಾಲದ ಸ್ಟುಡಿಯೋಗಳಲ್ಲಿ ಕತ್ತಲೆ ಕೋಣೆಯೊಂದು ಇರುತ್ತಿತ್ತು. ಅದರ ಬಾಗಿಲು ಬೆಳಕಿಗೆ ಮಾತ್ರವಲ್ಲ, ಬೇರೆಯವರ ಕಣ್ಣಿಗೂ ಮುಚ್ಚಿರುತ್ತಿತ್ತು. ಯಾವ ರಾಸಾಯನಿಕ ಎಷ್ಟು, ಕಾಗದ ಎಷ್ಟು ಹೊತ್ತು ಮುಳುಗಿರಬೇಕು ಎಂಬುದು ಯಜಮಾನನ ಗುಟ್ಟು. ಕೆಲಸಕ್ಕೆ ಸೇರಿದ ಹುಡುಗ ಟ್ರೇ ತೊಳೆಯುತ್ತ, ಓರೆಗಣ್ಣಿನಿಂದ ನೋಡಿ ಕಲಿತಷ್ಟೇ ವಿದ್ಯೆ. ಪಕ್ಕದ ಬೀದಿಯ ಸ್ಟುಡಿಯೋದವನೋ ಸ್ಪರ್ಧಿ, ಅವನನ್ನು ಕೇಳುವಂತಿಲ್ಲ. ಇನ್ನು ಗಿರಾಕಿಗಳು ‘ಚೆನ್ನಾಗಿದೆ’ ಎನ್ನುತ್ತಾರೆ, ಇಲ್ಲವೆ ‘ಚೆನ್ನಾಗಿಲ್ಲ’ ಎನ್ನುತ್ತಾರೆ. ಏಕೆ ಎಂಬುದನ್ನು ಅವರು ಹೇಳಲಾರರು.

ಗುಟ್ಟನ್ನು ಕಾಯುವವರಿಗೂ ಹಂಚುವವರಿಗೂ ನಡುವೆ ನಡೆದ ಜಗ್ಗಾಟವೇ ಈ ಕಲೆಯ ಚರಿತ್ರೆ ಎಂದರೂ ಅತಿಶಯವಾಗಲಾರದು. 1839ರ ಆಗಸ್ಟ್ 19ರಂದು ಡಾಗೇರನ ವಿಧಾನ ಪ್ಯಾರಿಸ್ಸಿನಲ್ಲಿ ಬಹಿರಂಗವಾಯಿತು. ಫ್ರಾನ್ಸಿನ ಸರ್ಕಾರ ಅವನಿಗೂ, ಗತಿಸಿದ್ದ ಅವನ ಪಾಲುಗಾರ ನಿಯೆಪ್ಸನ ಮಗನಿಗೂ ವರ್ಷಾಶನವನ್ನು ಗೊತ್ತುಮಾಡಿ ಆ ವಿದ್ಯೆಯನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. ಆದರೆ ಅದಕ್ಕೆ ಐದು ದಿನ ಮುಂಚೆಯೇ ಇಂಗ್ಲೆಂಡಿನಲ್ಲಿ ಅದೇ ವಿಧಾನಕ್ಕೆ ಪೇಟೆಂಟ್ ಪಡೆದಾಗಿತ್ತು! ಇದಕ್ಕೆ ತದ್ವಿರುದ್ಧವಾದವನು ಫ್ರೆಡರಿಕ್ ಸ್ಕಾಟ್ ಆರ್ಚರ್. ಗಾಜಿನ ಫಲಕದ ಮೇಲೆ ಕೊಲೋಡಿಯನ್ ಲೇಪಿಸಿ ಚಿತ್ರ ತೆಗೆಯುವ ತನ್ನ ವಿಧಾನವನ್ನು ಅವನು 1851ರಲ್ಲಿ ಪೇಟೆಂಟ್ ಪಡೆಯದೆಯೇ ಪತ್ರಿಕೆಯಲ್ಲಿ ಪ್ರಕಟಿಸಿದ. ಮುಂದಿನ ಸುಮಾರು ಮೂವತ್ತು ವರ್ಷ ಜಗತ್ತಿನ ಛಾಯಾಗ್ರಾಹಕರು ಅದರಿಂದ ಅನ್ನ ಕಂಡರು. ಅವನು ಮಾತ್ರ 1857ರಲ್ಲಿ ಬಡತನದಲ್ಲೇ ತೀರಿಕೊಂಡ.

ವೃತ್ತಿನಿರತರು ಒಟ್ಟಾಗಿ ಸೇರುವ ಪದ್ಧತಿ ಅಮೆರಿಕದಲ್ಲಿ ಬಲಗೊಂಡದ್ದು ಇಂಥದೇ ಇಕ್ಕಟ್ಟಿನಿಂದ. ಕೊಲೋಡಿಯನ್ನಿಗೆ ಬ್ರೋಮೈಡ್ ಬೆರೆಸುವ ಕ್ರಮಕ್ಕೆ ಜೇಮ್ಸ್ ಕಟಿಂಗ್ ಎಂಬವನು 1854ರಲ್ಲಿ ಪೇಟೆಂಟ್ ಪಡೆದಿದ್ದ. ಎಲ್ಲರೂ ಬಳಸುತ್ತಿದ್ದ ಆ ಕ್ರಮಕ್ಕೆ ಸಣ್ಣಪುಟ್ಟ ಸ್ಟುಡಿಯೋಗಳೂ ಕಪ್ಪ ತೆರಬೇಕಾಯಿತು. 1868ರಲ್ಲಿ ಅದರ ಅವಧಿ ಮುಗಿಯಬೇಕಾಗಿದ್ದಾಗ ಮತ್ತೆ ವಿಸ್ತರಿಸಿಕೊಳ್ಳುವ ಪ್ರಯತ್ನ ನಡೆಯಿತು. ಒಬ್ಬರ ಮುಖವನ್ನೊಬ್ಬರು ಕಾಣದ ಛಾಯಾಗ್ರಾಹಕರು ಆಗ ನ್ಯೂಯಾರ್ಕಿನಲ್ಲಿ ಸೇರಿ ವಿರೋಧಿಸಿದರು, ವಿಸ್ತರಣೆ ದೊರೆಯಲಿಲ್ಲ. ಅದೇ ವರ್ಷದ ಕೊನೆಗೆ ಫಿಲಡೆಲ್ಫಿಯದಲ್ಲಿ ಅವರ ರಾಷ್ಟ್ರೀಯ ಸಂಘ ಹುಟ್ಟಿತು. 1869ರಲ್ಲಿ ಬಾಸ್ಟನ್ನಿನಲ್ಲಿ ಅದರ ಪ್ರದರ್ಶನವೂ ಸಮಾವೇಶವೂ ನಡೆದವು. ಹೊಟ್ಟೆಪಾಡಿಗಾಗಿ ಸೇರಿದವರು ವಿದ್ಯೆಯನ್ನು ಹಂಚಿಕೊಳ್ಳಲು ಕಲಿತರು.

ನಮ್ಮ ದೇಶ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಮುಂಬಯಿಯಲ್ಲಿ 1854ರಷ್ಟು ಹಿಂದೆಯೇ ಛಾಯಾಗ್ರಹಣ ಸಂಘವಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಲಿನ್ನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ನಮ್ಮ ಹಳೇಬೀಡಿನ ಶಿಲ್ಪವನ್ನು ಕಾಗದದ ನೆಗೆಟಿವಿನಲ್ಲಿ ಸೆರೆಹಿಡಿದು ಮರುವರ್ಷ ಮದರಾಸಿನ ಪ್ರದರ್ಶನದಲ್ಲಿಟ್ಟ. ನಮ್ಮ ಕಾಲಕ್ಕೆ ಬಂದರೆ, ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಆರಂಭವಾಯಿತು. ಆದರೆ ಇಂಥ ಸಂಘಗಳ ಜೀವಾಳ ಹವ್ಯಾಸಿಗಳ ಪ್ರೀತಿ. ಹವ್ಯಾಸಿ ತನಗೆ ಬೇಕಾದ ಹಕ್ಕಿಗಾಗಿ ಬೆಳಗಿನಿಂದ ಸಂಜೆಯವರೆಗೆ ಕಾಯಬಲ್ಲ. ವೃತ್ತಿಯವನಿಗಾದರೋ ಮುಹೂರ್ತ ಕಾಯುವುದಿಲ್ಲ. ಧಾರೆಯ ಗಳಿಗೆ ತಪ್ಪಿದರೆ ಮತ್ತೆ ಬಾರದು. ಆದ್ದರಿಂದ ವೃತ್ತಿಯವರ ಸಮ್ಮೇಳನದ ಬಗೆಯೇ ಬೇರೆ.

ಅಂಥದೊಂದನ್ನು ನೋಡುವ ಅವಕಾಶ ನನಗೆ ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒದಗಿತು. ತಾಲ್ಲೂಕು ಕೇಂದ್ರವೊಂದರಲ್ಲಿ ಆಗತಾನೆ ಸ್ಟುಡಿಯೋ ತೆರೆದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದಕ್ಕಾಗಿ ಬಂದಿದ್ದ. ಕುತೂಹಲದಿಂದ ನಾನೂ ಜತೆಯಲ್ಲಿ ಹೋದೆ. ಅವನ ಮನಸ್ಸಿನಲ್ಲಿದ್ದದ್ದು ಒಂದೇ: ಸಾಲ ಮಾಡಿಯಾದರೂ ಹೊಸ ಕ್ಯಾಮರಾ ಕೊಳ್ಳಬೇಕು. ಜಾತ್ರೆಯ ಬೀದಿಯಂತೆ ಝಗಝಗಿಸುತ್ತಿದ್ದ ಮಳಿಗೆಗಳು ಆ ಆಸೆಗೆ ನೀರೆರೆಯುತ್ತಿದ್ದವು. ಕ್ಯಾಮರಾ, ಲೆನ್ಸು, ಡ್ರೋನು, ಆಲ್ಬಂ ಅಚ್ಚುಹಾಕುವ ಯಂತ್ರ, ಕಂತಿನ ಸಾಲ ಕೊಡುವವರ ಮೇಜು, ಎಲ್ಲವೂ ಅಲ್ಲಿದ್ದವು. ಸಮ್ಮೇಳನ ಇಷ್ಟೇ ಆಗಿದ್ದರೆ ಅದನ್ನು ಸಂತೆ ಎಂದು ಕರೆದು ಸುಮ್ಮನಾಗಬಹುದಿತ್ತು.

ಆದರೆ ಒಳಗಿನ ಸಭಾಂಗಣದಲ್ಲಿ ನಡೆಯುತ್ತಿದ್ದುದು ಪಾಠ. ತಲೆನರೆತ ಛಾಯಾಗ್ರಾಹಕರೊಬ್ಬರು ಶ್ಯಾಮಲವರ್ಣದ ಹೆಣ್ಣುಮಗಳೊಬ್ಬಳನ್ನು ಕೂರಿಸಿ, ಅವಳ ಚಿತ್ರವನ್ನು ಹೇಗೆ ತೆಗೆಯಬೇಕೆಂದು ತೋರಿಸುತ್ತಿದ್ದರು. ಕ್ಯಾಮರಾದೊಳಗಿನ ಬೆಳಕಿನ ಮಾಪಕಕ್ಕೆ ಮುಖ ಯಾವುದು, ಗೋಡೆ ಯಾವುದು ತಾನಾಗಿ ತಿಳಿಯದು. ಕಂಡದ್ದನ್ನೆಲ್ಲ ನಡುವಣ ಬೂದುಬಣ್ಣಕ್ಕೆ ತರುವುದೇ ಅದರ ಮೂಲಸ್ವಭಾವ. ಆದುದರಿಂದ ಬಿಳಿಯ ಪಂಚೆಯ ವರನ ಪಕ್ಕದಲ್ಲಿ ನಿಂತ ಕಪ್ಪು ಮೈಬಣ್ಣದ ವಧುವಿನ ಮುಖ ಮಂಕಾಗುತ್ತದೆ. ಎದುರಿನಿಂದ ಫ್ಲ್ಯಾಷ್ ಹೊಡೆದರೆ ಮುಖ ಬೂದಿ ಬಳಿದಂತಾಗುತ್ತದೆ. ಅವರು ದೀಪವನ್ನು ಪಕ್ಕಕ್ಕೆ ಸರಿಸಿದರು, ಅದರ ಮುಂದೆ ತೆಳುಬಟ್ಟೆ ಕಟ್ಟಿದರು, ಇನ್ನೊಂದು ಬದಿಗೆ ಬಿಳಿಯ ಥರ್ಮೋಕೋಲ್ ಹಲಗೆಯನ್ನು ಹಿಡಿಸಿದರು. ಕೆನ್ನೆಯ ಮೇಲೆ, ಹಣೆಯ ಅಂಚಿನಲ್ಲಿ ಬೆಳಕು ನಯವಾಗಿ ಜಾರಿತು. ಬಣ್ಣ ಬದಲಾಗದೆಯೇ ಮುಖ ಬೆಳಗಿತು. ಹಿಂದಿನವರು ಕತ್ತಲೆ ಕೋಣೆಯಲ್ಲಿ ಬಚ್ಚಿಡುತ್ತಿದ್ದಂಥ ಗುಟ್ಟು ಅದು. ನೂರಾರು ಸ್ಪರ್ಧಿಗಳ ಎದುರಿನಲ್ಲಿ ಅವರು ಅದನ್ನು ಬಿಚ್ಚಿಟ್ಟರು.

ಅನಂತರ, ತಂದ ಚಿತ್ರಗಳನ್ನು ಹಿರಿಯರು ನೋಡಿ ಅಭಿಪ್ರಾಯ ಹೇಳುವ ಸಮಯ. ನನ್ನ ವಿದ್ಯಾರ್ಥಿ ತನ್ನ ಮದುವೆಯ ಆಲ್ಬಮ್ಮನ್ನು ಅಂಜುತ್ತಲೇ ಮುಂದಿಟ್ಟ. ಆ ಹಿರಿಯರು ನಾಲ್ಕು ಹಾಳೆ ತಿರುವಿ, “ತಮ್ಮಾ, ಈ ಮದುಮಗಳ ಕೈ ಒಂದು ಬಣ್ಣ, ಮುಖ ಒಂದು ಬಣ್ಣ. ಇವಳ ತಾಯಿ ಗುರುತು ಹಿಡಿದಾಳೆಯೇ?” ಎಂದರು. ಅವನು ತಗ್ಗಿದ ದನಿಯಲ್ಲಿ, “ಬೆಳ್ಳಗೆ ಮಾಡದಿದ್ದರೆ ಆಲ್ಬಂ ವಾಪಸು ಮಾಡುತ್ತಾರೆ ಸಾರ್. ಬಾಕಿ ಹಣ ಬರುವುದಿಲ್ಲ” ಎಂದ. ಅದು ನೆಪವಲ್ಲ, ನಿಜ. ಹಿರಿಯರೂ ಅದನ್ನು ತಳ್ಳಿಹಾಕಲಿಲ್ಲ. “ಮೊದಲು ದೀಪದಲ್ಲಿ ಮಾಡು. ಎರಡು ಪ್ರತಿ ಹಾಕಿಸು, ಒಂದು ತಿದ್ದಿದ್ದು, ಒಂದು ತಿದ್ದದ್ದು. ಜತೆಯಲ್ಲಿಟ್ಟು ತೋರಿಸು. ಆರಿಸುವವರು ಅವರೇ ಆಗಲಿ” ಎಂದರು.

ಈ ಸಂಕಟ ಇಂದಿನದಲ್ಲ, ನಮ್ಮೊಬ್ಬರದೂ ಅಲ್ಲ. 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಒಂದೇ ಭಾವಚಿತ್ರವನ್ನು ತಿದ್ದಿದ ರೂಪದಲ್ಲೂ ತಿದ್ದದ ರೂಪದಲ್ಲೂ ಅಕ್ಕಪಕ್ಕ ಇಟ್ಟಾಗ ಜನ ಬೆರಗಾದರೆಂದು ಛಾಯಾಗ್ರಹಣದ ಚರಿತ್ರೆಕಾರರು ಹೇಳುತ್ತಾರೆ. ಕ್ಯಾಮರಾ ಸುಳ್ಳನ್ನೂ ಹೇಳಬಲ್ಲುದೆಂದು ತಿಳಿದ ಮೇಲೆ ಚಿತ್ರ ತೆಗೆಸಿಕೊಳ್ಳುವವರು ಹೆಚ್ಚಿದರಂತೆ! ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕೊಡಕ್ ಕಂಪನಿಯವರು ವರ್ಣಮುದ್ರಣದ ಅಳತೆಗೋಲಾಗಿ ಪ್ರಯೋಗಾಲಯಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ಗಳಲ್ಲಿ ಇದ್ದದ್ದು ಬಿಳಿಯ ಮೈಬಣ್ಣದ ಹೆಣ್ಣಿನ ಚಿತ್ರ. ಅವಳ ಬಣ್ಣ ಸರಿಬಂದರೆ ಎಲ್ಲವೂ ಸರಿ ಎಂಬ ಲೆಕ್ಕ. ಹೀಗೆ ನಮ್ಮ ಕಣ್ಣಿನ ಪೂರ್ವಗ್ರಹ ಯಂತ್ರಕ್ಕೂ ಇಳಿಯಿತು. ಯಂತ್ರದ್ದು ತಿರುಗಿ ನಮ್ಮ ಕಣ್ಣಿಗೆ ಬಂತು. ತಾಲ್ಲೂಕಿನ ತರುಣನೊಬ್ಬ ತನ್ನ ಅಂಗಡಿಯಲ್ಲಿ ಒಬ್ಬನೇ ಕುಳಿತು ಇದನ್ನೆಲ್ಲ ಎದುರಿಸುವುದು ಸುಲಭವಲ್ಲ.

ಹಾಗಾದರೆ ಸಮ್ಮೇಳನ ಅವನಿಗೆ ಕೊಟ್ಟದ್ದೇನು? ನಮ್ಮ ಕಾವ್ಯಮೀಮಾಂಸಕರು ಕವಿಯಷ್ಟೇ ಮುಖ್ಯವೆಂದು ಎಣಿಸಿದ್ದು ಸಹೃದಯನನ್ನು. ಕಸುಬಿಗೂ ಒಬ್ಬ ಸಹೃದಯ ಬೇಕು. ಅದರ ಕಷ್ಟವನ್ನು ತಾನೂ ಉಂಡವನು, ಗಿರಾಕಿ ಹೇಳಲಾರದುದನ್ನು ಹೇಳಬಲ್ಲವನು, ಸ್ನೇಹಿತ ಹೇಳಲು ಹಿಂಜರಿಯುವುದನ್ನು ಹಿಂಜರಿಯದೆ ಹೇಳುವವನು. ಅಂಥವನು ದೊರೆಯುವ ಸ್ಥಳ ಸಮ್ಮೇಳನ.

ಎಲ್ಲ ಸಮ್ಮೇಳನಗಳೂ ಹೀಗಿರುತ್ತವೆಂದು ನಾನು ಹೇಳಲಾರೆ. ಹಾರ, ತುರಾಯಿ, ಫಲಕ, ಪ್ರಮಾಣಪತ್ರಗಳಲ್ಲಿ ಕಾಲ ಕಳೆಯುವುದುಂಟು. ಒಬ್ಬ ಹೆಸರಾಂತನ ಭಂಗಿಗಳನ್ನು ನೂರು ಮಂದಿ ನಕಲಿಳಿಸಿಕೊಂಡು ಹೋಗಿ ನೂರು ಊರುಗಳ ಮದುವೆಗಳನ್ನು ಒಂದೇ ಮದುವೆಯಂತೆ ಮಾಡುವುದೂ ಉಂಟು. ಮಳಿಗೆಯ ಮೋಹದಲ್ಲಿ ಸಾಲದ ಕಾಗದಕ್ಕೆ ರುಜು ಹಾಕಿ ಹೋಗುವವರೂ ಇದ್ದಾರೆ. ಆದುದರಿಂದ ಹೊಸಬನಾದವನು ಅಲ್ಲಿಗೆ ಹೋಗುವಾಗ ಹಣದ ಚೀಲಕ್ಕಿಂತ ಮುಂಚೆ ತನ್ನ ಚಿತ್ರಗಳ ಕಟ್ಟನ್ನು ಕೈಗೆತ್ತಿಕೊಳ್ಳಬೇಕು. ತನಗೆ ಹೆಮ್ಮೆ ತಂದ ಚಿತ್ರಗಳ ಜತೆಗೆ ಕೈಕೊಟ್ಟ ನಾಲ್ಕು ಚಿತ್ರಗಳೂ ಅದರಲ್ಲಿರಬೇಕು. ದರ ಕಟ್ಟುವುದು ಹೇಗೆ, ಯಂತ್ರದ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ, ಮದುವೆಯ ಚಿತ್ರಗಳನ್ನು ಎರಡು ಕಡೆ ಕಾಪಿಡುವುದು ಹೇಗೆ ಎಂಬುದನ್ನೂ ನಾಚಿಕೆಯಿಲ್ಲದೆ ಕೇಳಬೇಕು. ಕಲೆಯ ಮಾತಿನ ನಡುವೆ ಅನ್ನದ ಮಾತು ಅಪಚಾರವೇನೂ ಅಲ್ಲ.

ಆ ತರುಣ ಕ್ಯಾಮರಾ ಕೊಳ್ಳಲಿಲ್ಲ. ಎರಡು ದೀಪ, ಒಂದು ಸ್ಟ್ಯಾಂಡು ಕೊಂಡು ಊರಿಗೆ ಮರಳಿದ. ಅಂದಿನಿಂದ ಮದುವೆಮನೆಯವರಿಗೆ ಎರಡು ಪ್ರತಿಗಳನ್ನೂ ತೋರಿಸುತ್ತಿದ್ದಾನೆ. ಹೆಚ್ಚಿನವರು ಈಗಲೂ ಬೆಳ್ಳಗಿನದನ್ನೇ ಆರಿಸುತ್ತಾರೆಂದೂ, ಒಂದು ಮನೆಯಲ್ಲಿ ಮಾತ್ರ ವಧುವಿನ ಅಜ್ಜಿ ತಿದ್ದದ ಚಿತ್ರದ ಮೇಲೆ ಬೆರಳಿಟ್ಟು “ಇವಳು ನಮ್ಮ ಹುಡುಗಿ” ಎಂದರೆಂದೂ ಅವನು ನನಗೆ ತಿಳಿಸಿದ. ಮೊಬೈಲು ಫೋನಿನಲ್ಲಿ ಎಲ್ಲರೂ ಚಿತ್ರ ತೆಗೆಯುವ ಈ ಕಾಲದಲ್ಲಿ ಹಣ ಕೊಟ್ಟು ಕರೆಸುವ ಛಾಯಾಗ್ರಾಹಕನಿಗೆ ಉಳಿದಿರುವ ಕೆಲಸ, ನಮ್ಮವರನ್ನು ನಮ್ಮವರಾಗಿಯೇ ಕಾಣುವಂತೆ ಬೆಳಕನ್ನಿಡುವುದು. ಅದು ಒಬ್ಬೊಬ್ಬರೇ ಕಲಿತು ಮುಗಿಯುವ ವಿದ್ಯೆಯಲ್ಲ. ಬಲ್ಲವರು ಬಾಗಿಲು ತೆರೆದಿಟ್ಟಷ್ಟೂ ಬೆಳೆಯುವ ವಿದ್ಯೆ.