ಹಳೆಯ ಅಂಬಾಸಿಡರ್‌ಗೆ ಎಲೆಕ್ಟ್ರಾನಿಕ್ ಕಿಡಿ

(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು, ಕನ್ನಡ ಪಾಠ ಹೇಳುವ ನಾನು ಕಾರಿನ ಎಂಜಿನ್ ಬಗ್ಗೆ ಮಾತನಾಡಲು ನಿಂತಿರುವುದು ತಮಗೆ ಸೋಜಿಗವೆನಿಸಬಹುದು. ಕೋರದಲ್ಲಿರುವ ನಮ್ಮ ಮಾಮೂ ಅವರ ಗ್ಯಾರೇಜಿನಲ್ಲಿ ನನ್ನಿಂದಾದ ಒಂದು ತಪ್ಪೇ ಇದಕ್ಕೆ ಕಾರಣ.

ಮಾಮೂ ಬಳಿ ಪೆಟ್ರೋಲ್ ಅಂಬಾಸಿಡರ್ ಒಂದಿದೆ. 2014ರಲ್ಲಿ ಈ ಕಾರಿನ ತಯಾರಿಕೆಯೇ ನಿಂತುಹೋಯಿತು. (ಡೀಸೆಲ್ ಅಂಬಾಸಿಡರ್‌ಗೆ ಕಿಡಿಯೇ ಬೇಡ, ಅದರ ಮಾತು ಇಲ್ಲಿಲ್ಲ.) ಪೆಟ್ರೋಲ್ ಎಂಜಿನ್ನಿನಲ್ಲಿ 12 ವೋಲ್ಟ್ ಬ್ಯಾಟರಿಯ ಕರೆಂಟ್ ಕಾಯಿಲ್‌ನ ದಪ್ಪ ತಂತಿಯಲ್ಲಿ ಹರಿಯುತ್ತಿರುತ್ತದೆ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಬಿಟ್ಟುಕೊಂಡ ಕೂಡಲೇ ಆ ಹರಿವು ನಿಲ್ಲುತ್ತದೆ. ಆಗ ಸಾವಿರಾರು ಸುತ್ತುಗಳ ತೆಳು ತಂತಿಯಲ್ಲಿ ಹದಿನೈದು, ಇಪ್ಪತ್ತು ಸಾವಿರ ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ವವಿದು. ಇದನ್ನೇ ಬಳಸಿ ಅಮೆರಿಕದ ಕೆಟರಿಂಗ್ ರೂಪಿಸಿದ ವ್ಯವಸ್ಥೆ 1910ರ ಕ್ಯಾಡಿಲಾಕ್ ಕಾರಿಗೆ ಬಂತು. ನಿಮಿಷಕ್ಕೆ 3000 ಸುತ್ತು ತಿರುಗುವ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಆ ಪುಟ್ಟ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಸವೆಯದೆ ಇರುತ್ತದೆಯೇ?

ಮಾಮೂ ಕಾರಿನಲ್ಲಂತೂ ಪಾಯಿಂಟ್ ತಿಂಗಳಿಗೊಮ್ಮೆ ಸುಟ್ಟು ಕಪ್ಪಾಗುತ್ತಿತ್ತು. ಎಮರಿ ಪೇಪರಿನಲ್ಲಿ ಉಜ್ಜಿ, ಗ್ಯಾಪ್ ಸರಿಪಡಿಸಿ ಸಾಕಾಗಿ, ಕೊನೆಗೆ ಎಲೆಕ್ಟ್ರಾನಿಕ್ ಕಿಟ್ ತರಿಸಿದರು. ಇದರಲ್ಲಿ ಪಾಯಿಂಟ್ ಇರುವುದಿಲ್ಲ. ಅಯಸ್ಕಾಂತದ ಬಳೆಯೊಂದು ತಿರುಗುತ್ತದೆ, ಸೆನ್ಸಾರ್ ಅದನ್ನು ಗುರುತಿಸುತ್ತದೆ, ಟ್ರಾನ್ಸಿಸ್ಟರ್ ಕರೆಂಟನ್ನು ಕಡಿಯುತ್ತದೆ. ಒಂದಕ್ಕೊಂದು ಉಜ್ಜುವ ಭಾಗವಿಲ್ಲದ್ದರಿಂದ ಟೈಮಿಂಗ್ ಬೇಗ ಕದಲುವುದಿಲ್ಲ. ಕಾಯಿಲ್, ರೋಟರ್, ಕ್ಯಾಪ್ ಮಾತ್ರ ಹಳೆಯವೇ.

ಕಿಟ್ ಜೊತೆಗಿದ್ದ ಇಂಗ್ಲಿಷ್ ಚೀಟಿಯನ್ನು ಓದಿ ಹೇಳುವ ಕೆಲಸ ನನ್ನದಾಯಿತು. ಕೆಂಪು ವೈರ್ ಎಲ್ಲಿಗೆ, ಕಪ್ಪು ವೈರ್ ಎಲ್ಲಿಗೆ ಎಂದು ಚೆನ್ನಾಗಿಯೇ ಹೇಳಿದೆ. ಕಾಯಿಲ್‌ನ ರೋಧ 3 ಓಮ್‌ಗಿಂತ ಕಡಿಮೆ ಇರಬಾರದು ಎಂಬ ಸಾಲು ನನಗೆ ಅರ್ಥವಾಗಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಬಿಟ್ಟುಬಿಟ್ಟೆ. ಒಂದೇ ವಾರದಲ್ಲಿ ಮಾಡ್ಯೂಲ್ ಸುಟ್ಟುಹೋಯಿತು. ಮಾಮೂ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಕಿಟ್ ಮಾರಿದವನನ್ನು ಬೈದರು, ನಾನು ಸುಮ್ಮನೆ ಕೇಳುತ್ತ ಕುಳಿತೆ.

ಉರ್ದು ಮಾಧ್ಯಮದಲ್ಲಿ ಹತ್ತನೇ ತರಗತಿ ಓದುತ್ತಿದ್ದ ಮಾಮೂ ಮಗಳು ಚಹಾ ತಂದವಳು ಚೀಟಿ ನೋಡಿ, "ಭಾಯಿ, ಇದು ಮುಜಾಹಮತ್ ಅಲ್ಲವೇ?" ಎಂದಳು. ಆ ಪದವನ್ನು ನಾನು ಪತ್ರಿಕೆಗಳಲ್ಲಿ, ಹೋರಾಟದ ಸುದ್ದಿಗಳಲ್ಲಿ ಓದಿದ್ದೆ. ಕಾಯಿಲ್‌ನೊಳಗೂ ಅದು ಇರುತ್ತದೆಂದು ತಿಳಿದಿರಲಿಲ್ಲ! ಅವಳ ಮಾತಿನಂತೆ ಮಲ್ಟಿಮೀಟರ್ ಹಿಡಿದರೆ 1.5 ಓಮ್. ಓಮನ ನಿಯಮದಂತೆ 12ನ್ನು 1.5ರಿಂದ ಭಾಗಿಸಿದಳು: 8 ಆಂಪಿಯರ್. 3 ಓಮ್ ಇದ್ದಿದ್ದರೆ 4. ಹಿಂದಿನ ಮಾಲೀಕರು ಯಾರೋ ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಹಾಕಬೇಕಾದ ಕಾಯಿಲನ್ನು ಬರಿದೇ ಹಾಕಿದ್ದರು. ಅಷ್ಟು ದಿನ ಪಾಯಿಂಟ್ ಸುಡುತ್ತಿದ್ದುದೂ ಇದರಿಂದಲೇ. ರೋಗ ಕಾಯಿಲ್‌ನಲ್ಲಿತ್ತು, ನಾವು ಔಷಧ ಹಾಕಿದ್ದು ಪಾಯಿಂಟಿಗೆ.

ತಮ್ಮಲ್ಲಿ ಯಾರಾದರೂ ಹಳೆಯ ಕಾರಿಗೆ ಕಿಟ್ ಹಾಕಿಸುವುದಾದರೆ ಮೊದಲು ಕಾಯಿಲನ್ನು ಅಳೆಯಿಸಿ. ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದೂ ನೋಡಿ. ಹಳೆಯ ಬ್ರಿಟಿಷ್ ವಿನ್ಯಾಸದ ಕೆಲವು ಕಾರುಗಳಲ್ಲಿ ಪ್ಲಸ್ ತುದಿಯೇ ಬಾಡಿಗೆ ಸೇರಿರುತ್ತದೆ. ಪಾಯಿಂಟಿಗೆ ಅದರಿಂದ ತೊಂದರೆಯಿಲ್ಲ, ಟ್ರಾನ್ಸಿಸ್ಟರಿಗೆ ಇದೆ.

ಮಾಮೂ 3 ಓಮ್ ಕಾಯಿಲ್ ಹಾಕಿ ಇನ್ನೊಂದು ಕಿಟ್ ಕೊಂಡರು. ಅದರ ಅರ್ಧ ಹಣ ನಾನು ಕೊಟ್ಟೆ. ಕಾರು ಈಗ ಚಳಿಗಾಲದ ಬೆಳಗಿನಲ್ಲೂ ಒಂದೇ ಸೆಲ್ಫಿಗೆ ಎದ್ದು ಕೂರುತ್ತದೆ. ಆದರೂ ಹಳೆಯ ಪಾಯಿಂಟ್, ಕಂಡೆನ್ಸರ್ ಎರಡನ್ನೂ ಡಬ್ಬಿಯಲ್ಲಿ ಹಾಕಿ ಸೀಟಿನ ಕೆಳಗೆ ಇಟ್ಟಿದ್ದಾರೆ. ಮಾಡ್ಯೂಲ್ ದಾರಿಯಲ್ಲಿ ಕೈಕೊಟ್ಟರೆ ಅದನ್ನು ಉಜ್ಜಿ ಸರಿಮಾಡುವಂತಿಲ್ಲವಲ್ಲ.